ತಾರೆಯ ಮೊಣಕಾಲಿನ ಗೀರು

"ಇನ್ನೂ ಸ್ವಲ್ಪ ಎಡಕ್ಕೆ, ಅತ್ತೆ. ನಿಮ್ಮ ಎಡ ಅಲ್ಲ, ನನ್ನ ಎಡ."

"ನಿನ್ನ ಎಡ ಯಾವುದು, ನನ್ನ ಎಡ ಯಾವುದು ಅಂತ ನೀನು ಮನೆಗೆ ಬಂದಾಗಿನಿಂದ ನಮ್ಮಿಬ್ಬರಿಗೂ ತೀರ್ಮಾನ ಆಗಿಲ್ಲ. ಕೈ ಮಾಡಿ ತೋರಿಸು."

ಛಾಯಾಗ್ರಾಹಕಿ ಕ್ಯಾಮೆರಾದಿಂದ ತಲೆಯೆತ್ತದೆಯೇ ಕೈ ಮಾಡಿದಳು. ಅತ್ತೆ ಬಿಳಿ ರಟ್ಟನ್ನು ಎದೆಗೆ ಒರಗಿಸಿಕೊಂಡು, ಗೊಣಗುತ್ತ ಪಕ್ಕಕ್ಕೆ ಸರಿದರು. ಕಿಟಕಿಯಿಂದ ಬಂದ ಬೆಳಗಿನ ಬೆಳಕು ರಟ್ಟಿಗೆ ಬಡಿದು, ಹಿಂದಿರುಗಿ, ಮೇಜಿನ ಮೇಲಿದ್ದ ತಾರಾದೇವಿಯ ಕಂಚಿನ ವಿಗ್ರಹದ ಕೆನ್ನೆಯ ಮೇಲೆ ಕೂತಿತು.

ಚೆಂದದ ಕೆನ್ನೆ. ಚೆಂದದ ಸುಳ್ಳು.

ಗಾಜಿನ ಪೆಟ್ಟಿಗೆಯಿಂದ ಎತ್ತಿದ ವಿಗ್ರಹ ಹಗುರವೆನ್ನಿಸಿ, ಮ್ಯೂಸಿಯಂ ಮೇಷ್ಟ್ರು ಅದರ ಬುಡ ತಿರುಗಿಸಿ ನೋಡಿ, "ಇದು ನಕಲು" ಎಂದದ್ದು ನಿನ್ನೆ. ಆಗಿನಿಂದ ಬೆಟ್ಟದ ನೆತ್ತಿಯ ಈ ಭಿಕ್ಷುಣಿಯರ ವಿಹಾರದಲ್ಲಿ ಯಾರ ಗಂಟಲಲ್ಲೂ ತುತ್ತು ಸರಿಯಾಗಿ ಇಳಿದಿರಲಿಲ್ಲ.

ಇನ್ಸ್‌ಪೆಕ್ಟರ್‌ಗೆ ಸಾಕ್ಷಿಗಾಗಿ ಚಿತ್ರಗಳು ಬೇಕಿದ್ದವು. ವಿಹಾರದ ಗೋಡೆಚಿತ್ರಗಳ ಫೋಟೋ ತೆಗೆಯಲು ಬಂದಿದ್ದ ಅವಳು ಈಗ ನಕಲಿ ವಿಗ್ರಹದ ಫೋಟೋ ತೆಗೆಯುತ್ತಿದ್ದಳು. ಗರ್ಭಗುಡಿಯಂಥ ಆ ಕೋಣೆಯಲ್ಲಿ ಫ್ಲ್ಯಾಶ್ ಹೊಡೆಯುವಂತಿಲ್ಲ. ಹಳೆಯ ಬಣ್ಣಗಳಿಗೆ ಅದು ಆಗದು. ಕಿಟಕಿಯ ಬೆಳಕು, ಒಂದು ಬಿಳಿ ರಟ್ಟು, ಅದನ್ನು ಹಿಡಿಯುವ ಅತ್ತೆ. ಇಷ್ಟೇ ಅವಳ ಸರಂಜಾಮು.

ಆ ಬೆಳಕಿಗೂ ಮೂಲೆಯಲ್ಲಿದ್ದ ಹಳೆಯ ನಗಾರಿ ಅಡ್ಡವಾಗಿತ್ತು. ಚರ್ಮ ಹರಿದು, ಬಾರಿಸುವವರಿಲ್ಲದೆ, ಬಟ್ಟೆ ಹೊದ್ದು ಕೂತಿದ್ದ ದೊಡ್ಡ ನಗಾರಿ. ಬೆಳಿಗ್ಗೆ ಇಬ್ಬರೂ ಅದನ್ನು ಸರಿಸಲು ನೋಡಿ ಸೋತಿದ್ದರು.

"ನಗಾರಿಯೋ ನಿನ್ನ ಮಾವನ ಹಠವೋ" ಎಂದಿದ್ದರು ಅತ್ತೆ, ಸೊಂಟ ಹಿಡಿದುಕೊಂಡು. "ಒಳಗೆ ಗಾಳಿ ಬಿಟ್ಟು ಏನಿಲ್ಲ, ಆದ್ರೂ ಅಲ್ಲಾಡಲ್ಲ."

ಅತ್ತೆ ಬೆಟ್ಟ ಹತ್ತಿ ಬಂದದ್ದೇ ಒಂದು ಕಥೆ. "ಮಂಡಿ ನೋವು, ನೀವು ಬೇಡ" ಎಂದು ಮಗ ಹೇಳಿದ. ಹಾಗೆ ಹೇಳಿದ್ದಕ್ಕೇ ಅವರು ಹೊರಟರು. ಇಲ್ಲಿಗೆ ಬಂದ ಮೇಲೆ ಭಿಕ್ಷುಣಿಯರ ನಡುವೆ ಕೂತು, ಅವರ ಬೋಳುತಲೆಗಳನ್ನು ನೋಡಿ, "ನಿಮಗೆ ಬಾಚಣಿಗೆ ಖರ್ಚಿಲ್ಲ, ಅರ್ಧ ಸಂಸಾರ ಅಲ್ಲೇ ಉಳೀತು ಬಿಡಿ" ಎಂದು ಅವರೆಲ್ಲರನ್ನೂ ನಗಿಸಿಬಿಟ್ಟಿದ್ದರು. ಬೆನ್ನು ದಾಟುವ ತಮ್ಮ ನರೆಗೂದಲ ಬಗ್ಗೆ ಅತ್ತೆಗೆ ಈ ವಯಸ್ಸಿನಲ್ಲೂ ಸಣ್ಣ ಜಂಬವಿತ್ತು.

ಈಗ ಅವರು ನಗುತ್ತಿರಲಿಲ್ಲ. ಹೊರಗಿನ ಜಗಲಿಯಿಂದ ಇನ್ಸ್‌ಪೆಕ್ಟರ್ ಧ್ವನಿ ಕೇಳುತ್ತಿತ್ತು.

"ಅಮ್ಮಾ, ಕೊನೇ ಸಲ ಕೇಳ್ತಿದೀನಿ. ಈ ಕೋಣೆಗೆ ಇರೋದು ಒಂದೇ ಬೀಗದಕೈ. ಅದು ನಿಮ್ಮ ಸೊಂಟದಲ್ಲಿರುತ್ತೆ. ಬಾಗಿಲು ತೆಗೆದಿರೋವಾಗ ನೀವು ಅಲ್ಲಿಂದ ಕದಲಬಾರದು ಅನ್ನೋದು ವಿಹಾರದ ನಿಯಮ. ಯಾವತ್ತಾದ್ರೂ ಕದಲಿದ್ರಾ?"

ಉತ್ತರವಿಲ್ಲ.

"ಯಾರನ್ನಾದ್ರೂ ಒಬ್ಬರನ್ನೇ ಒಳಗೆ ಬಿಟ್ಟಿದ್ರಾ?"

ಉತ್ತರವಿಲ್ಲ.

"ಮೌನ ಅಂದ್ರೆ ಒಪ್ಪಿಗೆ ಅಂತ ಹಿರಿಯರು ಸುಮ್ನೆ ಹೇಳಿಲ್ಲ" ಎಂದರು ಇನ್ಸ್‌ಪೆಕ್ಟರ್. ಕೆಟ್ಟ ಮನುಷ್ಯರಲ್ಲ, ಧ್ವನಿಯಲ್ಲಿ ಬೇಸರವೇ ಹೆಚ್ಚಿತ್ತು. "ಮಧ್ಯಾಹ್ನ ಜೀಪು ಬರುತ್ತೆ. ನೀವು ನಮ್ಮ ಜೊತೆ ಕೆಳಗೆ ಬರಬೇಕಾಗುತ್ತೆ."

ರಟ್ಟು ಅಲುಗಿತು. ತಾರೆಯ ಕೆನ್ನೆಯ ಬೆಳಕೂ ಅಲುಗಿತು.

"ಅತ್ತೆ, ಅಲ್ಲಾಡಬೇಡಿ."

"ಆ ಹೆಂಗಸು ಕದ್ದಿಲ್ಲ ಕಣೇ."

"ಗೊತ್ತು."

"ಗೊತ್ತಿದ್ರೆ ಸುಮ್ನೆ ಟಿಕ್ ಟಿಕ್ ಅನಿಸ್ತಾ ನಿಂತಿದೀಯಲ್ಲ!"

"ಟಿಕ್ ಟಿಕ್ ಅನಿಸೋದೇ ನನ್ನ ಕೆಲಸ. ಅದರಲ್ಲೇ ಏನಾದ್ರೂ ಸಿಗಬೇಕು."

ಇದು ಬರಿಯ ಜಂಬದ ಮಾತಲ್ಲ. ಮನುಷ್ಯರ ಮಾತಿಗಿಂತ ವಸ್ತುಗಳ ಮೈ ಹೆಚ್ಚು ನಿಜ ಹೇಳುತ್ತದೆ ಎಂದು ಅವಳು ಬಹಳ ಹಿಂದೆಯೇ ಕಂಡುಕೊಂಡಿದ್ದಳು. ಮದುವೆಯ ಚಿತ್ರಗಳಲ್ಲಿ ಯಾರು ಯಾರಿಂದ ದೂರ ನಿಂತಿದ್ದಾರೆ ಎಂಬುದನ್ನು ನೋಡಿಯೇ ಆ ಮನೆಯ ಜಗಳ ಹೇಳಬಲ್ಲವಳು ಅವಳು. ಕ್ಯಾಮೆರಾ ಹಿಂದೆ ನಿಂತಾಗ ಅವಳಿಗೆ ಯಾರ ಭಯವೂ ಇರುತ್ತಿರಲಿಲ್ಲ, ಯಾವ ಅನುಮಾನವೂ ಇರುತ್ತಿರಲಿಲ್ಲ. ಉಳಿದ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯಾಗಿ ಅವಳು ನಿಂತ ಜಾಗ ಇನ್ನೊಂದಿರಲಿಲ್ಲ.

ಮುಖ ಆಯಿತು. ಕೈಗಳಾದವು. ಮಡಿಚಿದ ಮೊಣಕಾಲಿಗೆ ಬಂದಾಗ ಅವಳು ನಿಂತಳು.

ಬಲ ಮೊಣಕಾಲಿನಿಂದ ಕೆಳಗಿನ ಪದ್ಮಪೀಠದವರೆಗೆ ಒಂದು ಗೀರು. ತೆಳ್ಳಗೆ, ಉದ್ದಕ್ಕೆ, ಹೊಳೆಯುವ ಗೀರು. ಪೆಟ್ಟಿಗೆಯಲ್ಲಿದ್ದಾಗ ದೇವಿಗೆ ಹೊದಿಸಿದ್ದ ವಸ್ತ್ರದಡಿ ಅದು ಯಾರಿಗೂ ಕಂಡಿರಲಿಲ್ಲ. ಪೀಠಕ್ಕೆ ತಲುಪುವ ಮೊದಲು ಒಂದು ಸುತ್ತು ಸುತ್ತಿಕೊಂಡು, ಕೊನೆಗೆ ಕೊಕ್ಕೆಯಂತೆ ಮೇಲಕ್ಕೆ ಬಾಗಿತ್ತು. ಏನೋ ತಗುಲಿ ಆದ ಗೀರು ಹೀಗೆ ಸುತ್ತು ಹಾಕುವುದಿಲ್ಲ. ಯಾರೋ ಸೂಜಿಮೊನೆಯ ಉಳಿಯಿಂದ ಮನಸ್ಸಿಟ್ಟು ಕೊರೆದದ್ದು.

ಈ ಗೀರನ್ನು ಅವಳು ಎಲ್ಲೋ ನೋಡಿದ್ದಳು.

ಹೋದ ವರ್ಷ ಮೂಲ ತಾರೆಯನ್ನು ಇದೇ ಕಿಟಕಿಯ ಬೆಳಕಲ್ಲಿ ಎಲ್ಲ ಕಡೆಯಿಂದಲೂ ಚಿತ್ರಿಸಿದವಳು ಅವಳೇ. ಆ ಚಿತ್ರಗಳು ಪುಸ್ತಕವಾಗಿ ಬಂದಿದ್ದವು. ಲ್ಯಾಪ್‌ಟಾಪಿನಲ್ಲಿ ಅವೆಲ್ಲ ಇದ್ದವು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಒಂದೊಂದಾಗಿ ತೆರೆದಳು. ಎಡಗಡೆಯಿಂದ ತೆಗೆದದ್ದರಲ್ಲಿ ಮೊಣಕಾಲು ನುಣ್ಣಗಿದೆ. ಬಲಗಡೆಯಿಂದ ತೆಗೆದದ್ದರಲ್ಲೂ ನುಣ್ಣಗಿದೆ. ಪುಸ್ತಕಕ್ಕೆ ಹೋದ ಎದುರಿನ ಚಿತ್ರದಲ್ಲೂ ಗೀರಿಲ್ಲ.

ಹಾಗಾದರೆ ಎಲ್ಲಿ?

ಕೊನೆಗೆ, ತಿದ್ದುವ ಮೊದಲಿನ ಚಿತ್ರಗಳನ್ನು ಎತ್ತಿಟ್ಟ ಮೂಲೆಗೆ ಹೋದಳು. ತೆರೆದಳು. ಎರಡು ಕ್ಷಣ ಸುಮ್ಮನೆ ನೋಡಿದಳು. ಆಮೇಲೆ ಆ ದೇವರ ಕೋಣೆಯಲ್ಲಿ, ಅಂಥ ಹೊತ್ತಿನಲ್ಲಿ, ಅವಳಿಗೆ ನಗು ತಡೆಯಲಾಗಲಿಲ್ಲ.

"ಏನಾಯ್ತೇ? ಹುಚ್ಚು ಹಿಡೀತಾ?"

"ಅತ್ತೆ, ನಿಮ್ಮನ್ನ ನಾನು ಎಷ್ಟು ಸಲ ಬೈದಿದೀನಿ, ಮಹಡಿ ಕೋಣೇಲಿ ಕೂತು ತಲೆ ಬಾಚಬೇಡಿ ಅಂತ?"

"ಅಲ್ಲಿ ಬಿಸಿಲು ಬರುತ್ತೆ. ಬೈದಿದೀಯ. ನಾನು ಕೇಳಿಲ್ಲ. ಅದನ್ನ ಈಗ ಯಾಕೆ ತೆಗೀತಿದೀಯ?"

"ಇನ್ಮೇಲೆ ಬೈಯಲ್ಲ" ಎಂದು ಅವಳು ಎದ್ದಳು.

ಜಗಲಿಯ ತುದಿಯಲ್ಲಿ ಬೀಗದಮ್ಮ ಒಬ್ಬರೇ ಕೂತಿದ್ದರು. ನಿಜವಾದ ಹೆಸರು ಬೇರೆ ಇರಬೇಕು. ಹತ್ತಾರು ವರ್ಷಗಳಿಂದ ಬೀಗದಕೈ ಸೊಂಟದಲ್ಲಿಟ್ಟುಕೊಂಡು ಓಡಾಡಿದ ಮೇಲೆ ಉಳಿದದ್ದು ಈ ಹೆಸರೇ. ಇವತ್ತು ಸೊಂಟದಲ್ಲಿ ಬೀಗದಕೈ ಇರಲಿಲ್ಲ, ಇನ್ಸ್‌ಪೆಕ್ಟರ್ ತೆಗೆದುಕೊಂಡಿದ್ದರು. ಆದರೂ ಅವರ ಕೈ ಆಗಾಗ ಅಲ್ಲಿಗೆ ಹೋಗಿ, ಏನೂ ಸಿಗದೆ, ಮಡಿಲಿಗೆ ಮರಳುತ್ತಿತ್ತು. ಬಳೆ ತೆಗೆಸಿದ ಕೈಯನ್ನು ಇನ್ನೊಂದು ಕೈ ಹುಡುಕುವುದನ್ನು ಅವಳು ಬೇರೆ ಹೆಂಗಸರಲ್ಲಿ ನೋಡಿದ್ದಳು.

ಅವಳು ಪಕ್ಕದಲ್ಲಿ ಕೂತಳು.

"ಅಮ್ಮಾ, ಯಾಕೆ ಮಾತಾಡ್ತಿಲ್ಲ ನೀವು? ಬಾಗಿಲು ಬಿಟ್ಟು ಕದಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಲ್ಲ."

"ಸುಳ್ಳು ಹೇಳಲ್ಲ ಅಂತ ವ್ರತ, ತಂಗಿ."

"ಅಂದ್ರೆ ಕದಲಿದ್ರಿ. ಯಾರೋ ಒಳಗಿದ್ರು. ಯಾರು ಅಂತ ನಿಜ ಹೇಳಿ."

"ನಿಜವನ್ನೆಲ್ಲ ಹೇಳಲೇಬೇಕು ಅಂತ ವ್ರತ ಇಲ್ಲ." ಬೀಗದಮ್ಮ ಸಣ್ಣಗೆ ನಕ್ಕರು. ಅವಳ ಹೆಗಲಿನಿಂದ ಜಾರಿದ್ದ ಶಾಲನ್ನು ಎಳೆದು ಸರಿಮಾಡಿದರು, ಮಗಳಿಗೆ ಮಾಡುವ ಹಾಗೆ. "ಹೇಳಿದ್ರೆ ಒಬ್ಬರಿಗೆ ನೋವಾಗುತ್ತೆ. ಅವರು ಏನೂ ತಪ್ಪು ಮಾಡಿಲ್ಲ. ನಾನು ಜೀಪು ಹತ್ತಿದ್ರೆ ನನ್ನೊಬ್ಬಳಿಗೆ ಮುಗಿಯುತ್ತೆ."

ಯಾವುದೋ ಚಿಕ್ಕ ಭಿಕ್ಷುಣಿಯನ್ನು ಕಾಪಾಡುತ್ತಿದ್ದಾರೆ ಎಂದುಕೊಂಡಳು ಛಾಯಾಗ್ರಾಹಕಿ. ಈ ಹೆಂಗಸರೇ ಹೀಗೆ. ಮನೆ ಬಿಟ್ಟು ಬೆಟ್ಟ ಹತ್ತಿದರೂ ಇನ್ನೊಬ್ಬರ ಪಾಲಿನ ಪೆಟ್ಟು ತಮ್ಮ ಬೆನ್ನಿಗೆ ಬೀಳಲಿ ಎನ್ನುವ ಚಾಳಿ ಬಿಡುವುದಿಲ್ಲ.

"ನೀವು ಜೀಪು ಹತ್ತಲ್ಲ" ಎಂದಳು. "ಬನ್ನಿ ಒಳಗೆ."

ಕೋಣೆಯಲ್ಲಿ ಎಲ್ಲರೂ ಸೇರಿದರು. ವಿಹಾರದ ಹಿರಿಯಮ್ಮ ಗೋಡೆಗೆ ಒರಗಿ ಕೂತರು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತರು. ಮ್ಯೂಸಿಯಂ ಮೇಷ್ಟ್ರು ಕನ್ನಡಕ ಒರೆಸುತ್ತ ಖಾಲಿ ಗಾಜಿನ ಪೆಟ್ಟಿಗೆಯ ಪಕ್ಕ ನಿಂತರು. ಹಳೆಯ ವಿಗ್ರಹಗಳನ್ನು ದುರಸ್ತಿ ಮಾಡುವುದರಲ್ಲಿ ಪಳಗಿದ ಕೈ ಅವರದು. ಮಾತು ಮಾತ್ರ ಸದಾ ಚೂಪು. ಹೋದ ಚಳಿಗಾಲದಲ್ಲಿ ಒಂದು ತಿಂಗಳು ಇಲ್ಲೇ ಇದ್ದು ವಿಗ್ರಹಗಳನ್ನೆಲ್ಲ ಶುಚಿ ಮಾಡಿದವರು ಅವರು.

"ಏನೋ ಕಂಡುಹಿಡಿದಿದೀರಂತೆ?" ಎಂದರು ಮೇಷ್ಟ್ರು. "ಹೇಳಿ, ನಾವೂ ಕಲೀತೀವಿ."

"ಕಲಿಸೋಕೆ ಬಂದಿಲ್ಲ, ಕೇಳೋಕೆ ಬಂದಿದೀನಿ. ಈ ಮೊಣಕಾಲಿನ ಗೀರು ನೋಡಿದ್ರಾ?"

"ನಿನ್ನೇನೇ ನೋಡಿದೆ. ಮೂಲದಲ್ಲಿದ್ದದ್ದನ್ನ ನಕಲಿಗನೂ ಮಾಡಿದಾನೆ. ಕೆಲಸಗಾರ ಬುದ್ಧಿವಂತ."

"ಮೂಲದಲ್ಲಿ ಈ ಗೀರು ಇತ್ತಾ? ತಿಂಗಳು ಪೂರ್ತಿ ಆ ವಿಗ್ರಹದ ಮೈ ಒರೆಸಿದವರು ನೀವು."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇರಲಿಲ್ಲ" ಎಂದರು ಮೆಲ್ಲಗೆ. ತಪ್ಪಿದೆ ಎಂದು ಒಪ್ಪಿಕೊಳ್ಳುವಾಗ ಅವರು ಹೊತ್ತು ಎಳೆಯಲಿಲ್ಲ. ಅದು ಅವಳಿಗೆ ಹಿಡಿಸಿತು. ಆದರೆ ಹಿಡಿಸಿದ್ದನ್ನು ಪಕ್ಕಕ್ಕಿಟ್ಟಳು.

"ಹಾಗಾದ್ರೆ ಇಲ್ಲದ ಗೀರನ್ನ ನಕಲು ಮಾಡಿದವನು ಎಲ್ಲಿ ನೋಡಿದ?" ಎಂದರು ಇನ್ಸ್‌ಪೆಕ್ಟರ್.

ಅವಳು ಲ್ಯಾಪ್‌ಟಾಪನ್ನು ವಿಗ್ರಹದ ಪಕ್ಕದಲ್ಲಿಟ್ಟು ಎಲ್ಲರ ಕಡೆಗೆ ತಿರುಗಿಸಿದಳು. ತೆರೆಯ ಮೇಲಿನ ತಾರೆಯ ಮೊಣಕಾಲಿನಿಂದ ಪೀಠದವರೆಗೆ ಒಂದು ಬಿಳಿ ಗೆರೆ. ಅದೇ ಸುತ್ತು. ಅದೇ ಕೊಕ್ಕೆ.

"ಇದು ಗೀರಲ್ಲ" ಎಂದಳು. "ನಮ್ಮ ಅತ್ತೆ ಕೂದಲು."

ಅತ್ತೆಯ ಕೈ ತನ್ನಿಂತಾನೇ ತುರುಬಿಗೆ ಹೋಯಿತು.

"ಈ ಚಿತ್ರ ನಾನು ಫಿಲ್ಮಿನಲ್ಲಿ ತೆಗೆದದ್ದು. ಮನೇಲಿ ನೆಗೆಟಿವನ್ನ ಗಾಜಿನ ಮೇಲಿಟ್ಟು ಕಂಪ್ಯೂಟರಿಗೆ ಇಳಿಸ್ತೀನಿ. ಅಲ್ಲೇ ಕೂತು ಇವರು ತಲೆ ಬಾಚ್ತಾರೆ. ನೆಗೆಟಿವ್ ಮೇಲೆ ಕೂದಲು ಬಿದ್ರೆ ಅಷ್ಟು ಜಾಗಕ್ಕೆ ಬೆಳಕು ಹಾಯಲ್ಲ, ಚಿತ್ರದಲ್ಲಿ ಅದು ಬಿಳಿ ಗೆರೆಯಾಗುತ್ತೆ. ಕಂಚಿನ ಮೇಲೆ ಬಿಳಿ ಗೆರೆ ಅಂದ್ರೆ ನೋಡಿದವರಿಗೆ ಹೊಳೆಯೋ ಗೀರು. ನಕಲಿಗ ತುಂಬ ಪ್ರಾಮಾಣಿಕ. ಕಂಡದ್ದೆಲ್ಲ ಕೊರೆದ. ಕೂದಲನ್ನೂ ಕೊರೆದ."

ಹಿರಿಯಮ್ಮನ ಸುಕ್ಕುಮುಖ ಮೊದಲು ಅರಳಿತು. ಆಮೇಲೆ ಇನ್ಸ್‌ಪೆಕ್ಟರ್ ಮೀಸೆಯಡಿಯಲ್ಲಿ ನಕ್ಕರು. "ಅಮ್ಮಾ, ನಿಮ್ಮ ಕೂದಲು ಪೋಲೀಸ್ ಕೆಲಸ ಮಾಡಿದೆ."

"ಸಂಬಳ ಕೊಡಿಸಿ" ಎಂದರು ಅತ್ತೆ. ಆದರೆ ಅವರ ಧ್ವನಿ ಎಂದಿನ ಹಾಗಿರಲಿಲ್ಲ. ಸೊಸೆಗೆ ಆಗ ಅದು ತಟ್ಟಲಿಲ್ಲ.

"ಪುಸ್ತಕಕ್ಕೆ ಕಳಿಸೋ ಮೊದಲು ಆ ಗೆರೆ ಅಳಿಸಿದೆ" ಎಂದು ಅವಳು ಮುಂದುವರಿಸಿದಳು. "ಆದ್ದರಿಂದ ನಕಲು ಮಾಡಿದವರು ಪುಸ್ತಕ ನೋಡಿ ಮಾಡಿಲ್ಲ. ವರ್ಷಗಟ್ಟಲೆ ಮೂಲವನ್ನೇ ನೋಡಿದ ಬೀಗದಮ್ಮನಂತೂ ಮಾಡಿಸಿಲ್ಲ, ಇಲ್ಲದ ಗೀರು ಅಂತ ಅವರು ಆ ಕೆಲಸಗಾರನಿಗೆ ತಕ್ಷಣ ಹೇಳ್ತಿದ್ರು. ಪುಸ್ತಕಕ್ಕಿಂತ ಮುಂಚೆ ನನ್ನ ಚಿತ್ರಗಳನ್ನ ಕೇಳಿ ತರಿಸಿಕೊಂಡವರು ಒಬ್ಬರೇ, ಮೇಷ್ಟ್ರೇ."

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ತಿರುಗಿತು.

ಮೇಷ್ಟ್ರು ಕೆಂಪಾಗಲಿಲ್ಲ, ಕೂಗಾಡಲಿಲ್ಲ. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಕಳ್ಳ ನೀನೇ ಅಂತ ನೇರವಾಗಿ ಹೇಳಿ."

"ನೀವೇ ಅಂತ ಹೇಳ್ತಿಲ್ಲ. ಅಲ್ಲ ಅಂತ ತೋರಿಸಿ ಅಂತ ಕೇಳ್ತಿದೀನಿ. ನಾನು ಕಳಿಸಿದ ಪ್ರತಿ ನಿಮ್ಮ ಹತ್ರ ಇದೆಯಾ?"

"ನನ್ನ ಕೆಲಸದ ಸರಕು ನನ್ನ ಹೆಗಲ ಮೇಲೇ ಇರುತ್ತೆ. ನಿಮಗೆ ನಿಮ್ಮ ಕ್ಯಾಮೆರಾ ಇದ್ದ ಹಾಗೆ."

ಅವರು ಚೀಲದಿಂದ ಒಂದು ದಪ್ಪ ಕವರು ತೆಗೆದು, ಒಳಗಿನ ಚಿತ್ರವನ್ನು ನಕಲಿ ತಾರೆಯ ಮುಂದೆ ಹರವಿದರು. ಹಿಂಭಾಗದಲ್ಲಿ ಅವಳದೇ ಅಕ್ಷರ. ಮುಂಭಾಗದಲ್ಲಿ ಮೊಣಕಾಲು ನುಣ್ಣಗೆ, ಹಾಲಿನ ಕೆನೆಯ ಹಾಗೆ. ಕೂದಲಿಲ್ಲ, ಗೆರೆಯಿಲ್ಲ.

ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಬೆಳಕಿಗೆ ಓರೆಮಾಡಿ ನೋಡಿದಳು. ತಿದ್ದಿದ ಮೇಲೆ ಕಳಿಸಿದ ಪ್ರತಿಯೇ. ಮರೆತದ್ದು ತಾನು.

"ತಪ್ಪಾಯ್ತು" ಎಂದಳು. "ನಿಮ್ಮ ಕೈಗೆ ಕೂದಲು ಬಂದಿಲ್ಲ."

"ಒಪ್ಪಿಕೊಂಡದ್ದಕ್ಕೆ ಸಂತೋಷ." ಮೇಷ್ಟ್ರು ಕವರನ್ನು ಮಡಿಚಿದರು. ಆಮೇಲೆ, ಸೇಡಿಗಲ್ಲ, ಲೆಕ್ಕ ಸರಿಯಾಗಬೇಕೆಂಬ ಚಟಕ್ಕೆ ಎಂಬಂತೆ ಕೇಳಿದರು: "ಹಾಗಾದ್ರೆ ಗೆರೆ ಇರೋ ಚಿತ್ರ ಎಲ್ಲೆಲ್ಲಿತ್ತು?"

"ನನ್ನ ಕಂಪ್ಯೂಟರಿನಲ್ಲಿ."

"ಬೇರೆಲ್ಲೂ ಇಲ್ಲ?"

"ಒಂದೇ ಒಂದು ದೊಡ್ಡ ಪ್ರತಿ ಕಾಗದದ ಮೇಲೆ ತೆಗೆದಿದ್ದೆ. ತೆಗೆದ ಮೇಲೇ ಗೆರೆ ಕಂಡದ್ದು. ಕಸದ ಬುಟ್ಟಿಗೆ ಹಾಕಿದೆ."

"ಹರಿದು ಹಾಕಿದ್ರಾ?"

ಹರಿದಿದ್ದಳೇ? ಆ ದಿನ ಅತ್ತೆಯ ಮೇಲೆ ರೇಗಿದ್ದು ನೆನಪಿತ್ತು. ಕೆಳಗೆ ಒಲೆಯ ಮೇಲೆ ಏನೋ ಸೀದ ವಾಸನೆ ಬಂದು ಮೆಟ್ಟಿಲಿಳಿದು ಓಡಿದ್ದು ನೆನಪಿತ್ತು. ಹರಿದದ್ದು ನೆನಪಿರಲಿಲ್ಲ.

ಇನ್ಸ್‌ಪೆಕ್ಟರ್ ನಗು ಆರಿತ್ತು. "ಮೇಡಂ, ನೀವು ಹೇಳಿದ್ದನ್ನೇ ಹಿಡಿದು ಹೊರಟ್ರೆ ದಾರಿ ನಿಮ್ಮ ಮನೆಗೇ ಹೋಗುತ್ತೆ."

"ಹೋಗಲಿ" ಎಂದಳು ಅವಳು, ಕುತ್ತಿಗೆ ನೆಟ್ಟಗೆ ಮಾಡಿ. "ಅನುಮಾನದ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿ. ಆದ್ರೆ ಬೀಗದಮ್ಮ ಆ ಸಾಲಿನಿಂದ ಹೊರಗೆ ಬರಬೇಕು. ಅಷ್ಟಾದ್ರೂ ನಾನು ತೋರಿಸಿದೀನಿ."

"ತೋರಿಸಿಲ್ಲ. ಬುಟ್ಟಿ ಸೇರಿದ ಚಿತ್ರ ಬುಟ್ಟಿಯಲ್ಲೇ ಇರುತ್ತೆ. ಯಾರ ಕೈಗೆ ಹೋಯ್ತು ಅಂತ ಗೊತ್ತಾಗೋವರೆಗೆ ನನ್ನ ಹತ್ರ ಇರೋದು ಒಂದು ಬೀಗ, ಒಂದು ಬೀಗದಕೈ, ಒಬ್ಬರು ಬೀಗದಮ್ಮ."

ಆಗ ರಟ್ಟು ನೆಲಕ್ಕೆ ತಾಗಿದ ಸಣ್ಣ ಸದ್ದಾಯಿತು. ಇಷ್ಟು ಹೊತ್ತೂ ಅತ್ತೆ ಅದನ್ನು ಹಿಡಿದುಕೊಂಡೇ ನಿಂತಿದ್ದರು ಎಂದು ಆಗಲೇ ಎಲ್ಲರಿಗೂ ಗೊತ್ತಾದದ್ದು.

"ಬುಟ್ಟಿಯಿಂದ ನಾನು ಎತ್ತಿಕೊಂಡೆ" ಎಂದರು ಅತ್ತೆ.

"ಅತ್ತೆ?"

"ದೇವರ ಮುಖ ಕಣೇ. ಈರುಳ್ಳಿ ಸಿಪ್ಪೆ ಜೊತೆ ಬಿದ್ದಿತ್ತು. ನೋಡಿಕೊಂಡು ಹೇಗೆ ಸುಮ್ನಿರ್ಲಿ? ಒರೆಸಿ ಎತ್ತಿಟ್ಟೆ. ನೀನು ಆಗ ಬೀಗದಮ್ಮನ ವಿಷಯ ಹೇಳ್ತಾನೇ ಇದ್ದೆ, ಬೆಟ್ಟದ ಮೇಲೆ ನನಗೊಬ್ಬರು ಅಕ್ಕ ಸಿಕ್ಕಿದಾರೆ ಅಂತ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ಆಮೇಲೆ ಅನ್ನಿಸ್ತು, ಇರಲಿ, ನನ್ನ ಸೊಸೇನ ಚೆನ್ನಾಗಿ ನೋಡಿಕೊಂಡವರು. ಅವರಿಗೇ ಕಳಿಸೋಣ ಅಂತ ರಟ್ಟಿನ ಕೊಳವೇಲಿ ಸುತ್ತಿ ಪಾರ್ಸೆಲ್ ಮಾಡಿದೆ."

ಇನ್ಸ್‌ಪೆಕ್ಟರ್ ಬೀಗದಮ್ಮನ ಕಡೆ ಸರಕ್ಕನೆ ತಿರುಗಿದರು. "ಚಿತ್ರ ನಿಮ್ಮ ಕೈಗೆ ಬಂತಾ?"

ಪೊಲೀಸರ ಪ್ರಶ್ನೆಗೆ ಮೊದಲ ಬಾರಿಗೆ ಬೀಗದಮ್ಮ ಬಾಯಿ ತೆರೆದರು. "ಇಲ್ಲ. ಯಾವ ಪಾರ್ಸೆಲ್ಲೂ ನನಗೆ ಬಂದಿಲ್ಲ."

ಸುಳ್ಳು ಹೇಳದ ಬಾಯಿ ಅದು. ಎಲ್ಲರಿಗೂ ಗೊತ್ತಿತ್ತು.

"ಬರಲ್ಲ" ಎಂದರು ಅತ್ತೆ. ಮೂಲೆಯಲ್ಲಿ ಒಂದು ಮಣೆಯಿತ್ತು. ಅದರ ಮೇಲೆ ನಿಧಾನವಾಗಿ ಕೂತರು. "ಅಂಚೆಗೆ ಹಾಕು ಅಂತ ನಾನು ಕೊಟ್ಟದ್ದು ನನ್ನ ಮಗನ ಕೈಗೆ. ಹಾಕಿದೆ ಅಮ್ಮ ಅಂದ. ತಲುಪಿತಾ ಅಂತ ಎರಡು ಸಲ ಕೇಳಿದೆ. ತಲುಪಿದೆ, ತುಂಬ ಸಂತೋಷಪಟ್ಟರಂತೆ ಅಂದ."

ಅತ್ತೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಸೊಸೆಗೆ ಮೊದಲು ಹೊಳೆದದ್ದು. ಗಂಡನ ಹೆಸರು ಆಮೇಲೆ ಬಂದು ಎದೆಗೆ ತಾಗಿತು.

ಅವಳ ಕಣ್ಣು ತನ್ನಷ್ಟಕ್ಕೇ ಗಾಜಿನ ಪೆಟ್ಟಿಗೆಗೆ ಹೋಯಿತು. ಬೇಸಿಗೆಯಲ್ಲಿ ಬಂದ ಹೊಸ ಪೆಟ್ಟಿಗೆ. ಪ್ರತಿಬಿಂಬ ಬೀಳದ ಒಳ್ಳೆಯ ಗಾಜು, ಅಂಚಿಗೆ ನಯವಾದ ಮರ. ಪಟಕ್ಕೆ ಕಟ್ಟು ಹಾಕುವ ಅಂಗಡಿ ಅವಳ ಗಂಡನದು. "ನಿನ್ನ ತಾರೆಗೆ ನನ್ನ ಕಾಣಿಕೆ" ಎಂದು ತಾನೇ ಮಾಡಿಸಿ, ತಾನೇ ಹೊತ್ತು ತಂದು, ತಾನೇ ಕೂರಿಸಿ ಹೋಗಿದ್ದ. ಮೊನ್ನೆ ಬಂದ ಕೂಡಲೇ ಆ ಗಾಜನ್ನು ಬೆರಳಿಂದ ಮುಟ್ಟಿ ಅವಳು ಹೆಮ್ಮೆಪಟ್ಟಿದ್ದಳು. ಇಷ್ಟು ವರ್ಷಗಳಲ್ಲಿ ತನ್ನ ಕೆಲಸಕ್ಕೆ ಅವನು ಕೊಟ್ಟ ಮೊದಲ ಮರ್ಯಾದೆ ಅದು ಎಂದುಕೊಂಡಿದ್ದಳು.

ಎಲ್ಲರನ್ನೂ ಚೌಕಟ್ಟಿನೊಳಗೆ ನಿಲ್ಲಿಸಿ ನೋಡುವ ಅವಳು, ಪಕ್ಕದಲ್ಲಿ ನಿಂತವನನ್ನು ಮಾತ್ರ ಚೌಕಟ್ಟಿನ ಹೊರಗೇ ಬಿಟ್ಟಿದ್ದಳು.

ಅವಳು ಬೀಗದಮ್ಮನ ಕಡೆ ತಿರುಗಿದಳು. "ಪೆಟ್ಟಿಗೆ ಕೂರಿಸೋಕೆ ಅವರು ಬಂದ ದಿನ ನೀವು ಬಾಗಿಲಲ್ಲೇ ಇದ್ರಾ?"

ಬೀಗದಮ್ಮ ಕಣ್ಣು ಮುಚ್ಚಿಕೊಂಡರು.

ಶಾಲನ್ನು ಸರಿಮಾಡಿದ ಆ ಕೈ ನೆನಪಾಯಿತು. ಹೇಳಿದರೆ ಒಬ್ಬರಿಗೆ ನೋವಾಗುತ್ತದೆ, ಅವರು ಏನೂ ತಪ್ಪು ಮಾಡಿಲ್ಲ. ಆ ಒಬ್ಬರು ಯಾವ ಚಿಕ್ಕ ಭಿಕ್ಷುಣಿಯೂ ಅಲ್ಲ.

"ಅಕ್ಕಾ" ಎಂದಳು. ಅಷ್ಟೇ ಹೇಳಲಾದದ್ದು.

ಇನ್ಸ್‌ಪೆಕ್ಟರ್ ಸೊಂಟಪಟ್ಟಿಯಿಂದ ಬೀಗದಕೈ ತೆಗೆದು ಬೀಗದಮ್ಮನ ಮಡಿಲಲ್ಲಿಟ್ಟರು. ಆಮೇಲೆ, ಅತ್ತೆಯ ಮುಖ ನೋಡದೆ ಕೇಳಿದರು: "ನಿಮ್ಮ ಮಗ ಈಗ ಎಲ್ಲಿದಾರೆ, ಅಮ್ಮಾ?"

"ಊರಲ್ಲಿ. ನಮ್ಮನ್ನ ಕರೆದುಕೊಂಡು ಹೋಗೋಕೆ ಭಾನುವಾರ ಬರ್ತೀನಿ ಅಂದಿದಾನೆ."

"ಇಲ್ಲಿ ನಡೆದದ್ದು ಅವರಿಗೆ ಗೊತ್ತಾ?"

"ಹೇಗೆ ಗೊತ್ತಾಗುತ್ತೆ? ನಿನ್ನೆಯಿಂದ ಎಲ್ಲರ ಫೋನೂ ನಿಮ್ಮ ಚೀಲದಲ್ಲೇ ಇದೆಯಲ್ಲ. ಗೋಡೆಚಿತ್ರ ಮುಗಿದ್ರೆ ಈ ಕೋಣೇದೂ ಪೂರ್ತಿ ಫೋಟೋ ತೆಗೀತೀವಿ ಅಂತ ಮೊನ್ನೆ ರಾತ್ರಿ ನಾನೇ ಫೋನಲ್ಲಿ ಹೇಳಿದ್ದೆ. ಅಷ್ಟೇ."

ಕೆಳಗಿನ ತಿರುವಿನಲ್ಲಿ ಹಾರ್ನ್ ಕೇಳಿಸಿತು.

"ಜೀಪು ಬಂತು" ಎಂದರು ಇನ್ಸ್‌ಪೆಕ್ಟರ್.

"ಅದು ನಿಮ್ಮ ಜೀಪಲ್ಲ" ಎಂದರು ಅತ್ತೆ.

ಮತ್ತೆ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಆ ಸದ್ದಿಗೆ ಸೊಸೆ ಸಾವಿರ ಸಂಜೆ ಗೇಟು ತೆಗೆದಿದ್ದಳು. ಇಂದು ಗುರುವಾರ.

ಮೊದಲು ಎದ್ದದ್ದು ಅತ್ತೆ. ಮಂಡಿ ಹಿಡಿದುಕೊಂಡು ಎದ್ದು, ಬಿಳಿ ರಟ್ಟನ್ನು ನೆಲದಿಂದ ಎತ್ತಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ" ಎಂದರು. "ಮುದ್ದೇ, ಇಲ್ಲ ಅನ್ನಲ್ಲ. ಹಾಗಂತ ಅದು ಕೊರೆದ ತೂತಿಗೆ ಇನ್ನೊಬ್ಬರ ಮಗಳನ್ನ ತುರುಕೋಕಾಗುತ್ತಾ?" ಸೊಸೆಯ ಭುಜ ಮುಟ್ಟಿದರು. "ನೀನು ಅಳೋದಾದ್ರೆ ಆಮೇಲೆ ಅಳು, ನಾನೂ ಜೊತೆಗೆ ಕೂರ್ತೀನಿ. ಈಗ ಕ್ಯಾಮೆರಾ ತಗೋ. ಬಾಗಿಲಲ್ಲಿ ಕಾಲಿಟ್ಟ ಕೂಡ್ಲೇ ಅವನು ಮೊದಲು ಎಲ್ಲಿ ನೋಡ್ತಾನೆ, ಅದನ್ನ ಹಿಡಿ. ನೀನು ಹಿಡಿದದ್ದು ಯಾವತ್ತೂ ತಪ್ಪೋದಿಲ್ಲ. ಬೆಳಕು ನಾನು ಕೊಡ್ತೀನಿ."

ಅವಳು ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಅದೇ ಹಳೆಯ ಜಾಗ, ಅದೇ ನಿಶ್ಚಿಂತೆ. ಬಾಗಿಲಿಗೆ ನೋಟ ಹೂಡಿದಳು. ಇನ್ಸ್‌ಪೆಕ್ಟರ್ ಕಂಬದ ಮರೆಗೆ ಸರಿದರು. ಅತ್ತೆ ರಟ್ಟನ್ನು ಎತ್ತಿ ಹಿಡಿದರು, ಈ ಸಲ ಸರಿಯಾದ ಎಡಕ್ಕೆ, ಯಾರೂ ಹೇಳದೆ.

ಅಂಗಳದ ಕಲ್ಲಿನ ಮೇಲೆ ಬೂಟಿನ ಸದ್ದು. ಆಮೇಲೆ ಗಂಡನ ಧ್ವನಿ, ಎಂದಿನಂತೆ ಹಗುರ: "ಅಮ್ಮಾ! ಎಲ್ಲಿದೀರ ಇಬ್ರೂ? ಕೆಲಸ ಬೇಗ ಮುಗೀತು, ಬಂದ್ಬಿಟ್ಟೆ!"

ಹೊಸ್ತಿಲಲ್ಲಿ ನೆರಳು ಬಿತ್ತು. ಅವನು ಒಳಗೆ ಕಾಲಿಟ್ಟ.

ಖಾಲಿ ಗಾಜಿನ ಪೆಟ್ಟಿಗೆ ಅವನ ಎದುರಿಗೇ ಇತ್ತು. ಅವನು ಅದನ್ನು ನೋಡಲಿಲ್ಲ. ಮೇಜಿನ ಮೇಲಿನ ತಾರೆಯನ್ನು ನೋಡಲಿಲ್ಲ. ತಾಯಿಯನ್ನಾಗಲಿ ಹೆಂಡತಿಯನ್ನಾಗಲಿ ನೋಡಲಿಲ್ಲ.

ಅವನ ಕಣ್ಣು ಮೊದಲು ಹೋದದ್ದು ಮೂಲೆಗೆ, ಬೆಳಿಗ್ಗೆ ಇಬ್ಬರು ಸೇರಿದರೂ ಅಲ್ಲಾಡದೆ ಬಟ್ಟೆ ಹೊದ್ದು ಕೂತಿದ್ದ ಆ ಹಳೆಯ ನಗಾರಿಯ ಕಡೆಗೆ.

ಅವಳು ಗುಂಡಿ ಒತ್ತಿದಳು.